ಗಾಳಿ ಓಡಿಸುವ ಅಜ್ಜಿ

ಲಿಥುವೇನಿಯಾದ ಗಡಿಹಳ್ಳಿಯ ಗೆನೊವೈತೆ ಅಜ್ಜಿ ಎದ್ದ ಕೂಡಲೇ ನೋಡುವುದು ಆಚೆ ಬೆಲಾರುಸಿನ ಅಣುಸ್ಥಾವರದ ಗೋಪುರದಿಂದೇಳುವ ಹಬೆಯನ್ನು. ಅದು ಇತ್ತ ವಾಲಿದರೆ "ಬಂತು ವಿಷ!" ಎಂದು ಹಗ್ಗದ ಬಟ್ಟೆ ಒಳಗೆ ತರುತ್ತಾಳೆ, ಅವಳನ್ನು ಕಂಡು ಊರಿನವರ ಬಟ್ಟೆಯೆಲ್ಲ ಒಳಗೆ. ಗಾಳಿ ತಿರುಗಿತೋ, ತಲೆವಸ್ತ್ರ ಬೀಸುತ್ತ ಬೀದಿಗಿಳಿಯುತ್ತಾಳೆ: "ಓಡಿಸ್ಬಿಟ್ಟೆ ನೋಡ್ರಪ್ಪಾ! ಒಣಹಾಕ್ರಿ ಬಟ್ಟೆ!" ಯುದ್ಧ ಗೆದ್ದ ದಂಡನಾಯಕನೂ ಅಷ್ಟು ಬೀಗಲಾರ. ಸ್ಥಾವರದಿಂದ ವಿಕಿರಣ ಸೋರಿದರೆ ನುಂಗಲೆಂದು ಅಯೋಡಿನ್ ಮಾತ್ರೆ ಹಂಚಿದ ದಿನವೂ ಸಾಲಿನಲ್ಲಿ ಅವಳೇ ಮೊದಲು. ಕೇಳಿದ್ದು ಎರಡು ಪೊಟ್ಟಣ. "ಒಬ್ರಿಗೆ ಒಂದೇ ಅಜ್ಜಿ," ಎಂದಳು ನರ್ಸ್. "ಆಚೆ, ಆ ಗೋಪುರದ ಬುಡದಲ್ಲೇ ನನ್ನ ತಂಗಿ ಇದಾಳೆ ಕಣೇ. ನಾನು ಓಡಿಸಿದ ಗಾಳಿ ಹೋಗೋದು ಅವಳ ಬಟ್ಟೆ ಮೇಲೇನೇ." ನರ್ಸ್ ಎರಡನೆಯ ಪೊಟ್ಟಣವನ್ನೂ ಅವಳ ಕೈಗಿಟ್ಟಳು. ಎರಡೂ ಪೊಟ್ಟಣಗಳನ್ನು ಬಾವುಟದಂತೆ ಎತ್ತಿ ಹಿಡಿದು ಅಜ್ಜಿ ಸಾಲಿನುದ್ದಕ್ಕೂ ಮೆರೆಯುತ್ತ ನಡೆದಳು.