ಎರಡು ಬಾಟಲಿ ಹೊಲದ ನೀರು

ನನ್ನ ಗಂಡ ಲಾಝ್ಹರ್ ಯಾರ ಮನೆಯಲ್ಲಿ ಚಹಾ ಕೊಟ್ಟರೂ ಮೊದಲು ಲೋಟ ಮೂಸುತ್ತಾನೆ. ಆಮೇಲೆ, "ಮೊದಲು ನೀವು ಕುಡೀರಿ" ಅನ್ನುತ್ತಾನೆ. ಮದುವೆಯ ದಿನ ನನ್ನ ಅಪ್ಪನಿಗೂ ಹಾಗೇ ಅಂದಿದ್ದ. ಸಿಲಿಯಾನ ಸೀಮೆಯ ಈ ಗುಡ್ಡಗಳಲ್ಲಿ ಅವನಂಥ ಅನುಮಾನದ ಪ್ರಾಣಿ ಇನ್ನೊಂದಿಲ್ಲ. ಕೋಳಿ ಮೊಟ್ಟೆ ಇಡದಿದ್ದರೆ ಯಾರದೋ ಕಣ್ಣು ಬಿದ್ದಿದೆ, ಟ್ರ್ಯಾಕ್ಟರ್ ಕೆಮ್ಮಿದರೆ ಡೀಸೆಲ್‌ಗೆ ನೀರು ಬೆರೆಸಿದ್ದಾರೆ. ಅವನ ಜೊತೆ ಇಷ್ಟು ವರ್ಷ ಬಾಳಿದ್ದೇನಲ್ಲ, ಅದೇ ದೊಡ್ಡದು.

ಅವನಿಗಿರುವ ಹೆಮ್ಮೆ ಒಂದೇ, ಉಳುಮೆ. ಗುಡ್ಡದ ನೆತ್ತಿಯಿಂದ ಕೆಳಗಿನ ಕೆರೆಯವರೆಗೆ ನೆಟ್ಟಗೆ ಸಾಲು ಹೊಡೆಯುತ್ತಾನೆ. ಮಕ್ತರ್ ರಸ್ತೆಯಲ್ಲಿ ಹೋಗುವವರಿಗೆ ಹೊಲ ಬಾಚಿದ ತಲೆಯ ಹಾಗೆ ಕಾಣಬೇಕು. ಪಕ್ಕದ ಹೊಲ ನನ್ನ ತಮ್ಮ ಬಶೀರನದು. ಅದೂ ಅದೇ ಕೆರೆಗೆ ಇಳಿಯುತ್ತದೆ. ಬಶೀರ ಕೆಲವು ವರ್ಷಗಳಿಂದ ಉಳುವುದನ್ನೇ ಬಿಟ್ಟಿದ್ದ. ಕೊಯ್ದ ಗೋಧಿಯ ಕೂಳೆ ಹಾಗೇ ನಿಂತಿರುತ್ತದೆ, ಬಾಡಿಗೆಗೆ ತಂದ ಯಂತ್ರ ಅದರ ನಡುವೆಯೇ ಮಣ್ಣು ಸೀಳಿ ಬೀಜ ಇಡುತ್ತದೆ.

"ಉಳದೆ ಬೆಳೆ ತೆಗೀತಾನಂತೆ! ಸೋಮಾರಿ ಅಂದ್ಕೊಂಡಿದ್ದೆ. ಅಲ್ಲ ಕಣೇ, ಇದರಲ್ಲಿ ಏನೋ ಮಸಲತ್ತಿದೆ," ಅನ್ನುತ್ತಿದ್ದ ಲಾಝ್ಹರ್.

ಬೇಸಿಗೆಯ ಕೊನೆಯಲ್ಲಿ ಕೆರೆ ಹಸಿರಾಯಿತು. ಬಣ್ಣದ ಡಬ್ಬಿ ಸುರಿದ ಹಾಗೆ, ದಡದ ತುಂಬ ನಾರುವ ಕೆನೆ. ನಮ್ಮ ಗಬ್ಬದ ಕುರಿ ಅಲ್ಲಿ ಬಾಯಿ ಹಾಕಿ ಬಂದು ಸಂಜೆಗೆ ಕಾಲು ಚಾಚಿತು. ಇದು ಪಾಚಿಯ ವಿಷ; ಹೊಲದ ಗೊಬ್ಬರ ಮಳೆಯಲ್ಲಿ ಕೊಚ್ಚಿಕೊಂಡು ಕೆರೆಗೆ ಇಳಿದರೆ ಹೀಗೆ ಪಾಚಿ ಕೊಬ್ಬುತ್ತದೆ ಎಂದ ಪಶುವೈದ್ಯ. ಯಾರ ಹೊಲದ್ದು ಎಂದು ಲಾಝ್ಹರ್ ಕೇಳಲೇ ಇಲ್ಲ.

"ಬಶೀರ ಇನ್ನು ಈ ಹೊಸ್ತಿಲು ತುಳಿಯೋ ಹಾಗಿಲ್ಲ. ನೀನೂ ಅಷ್ಟೇ. ಅವನ ಮನೆಗೆ ಕಾಲಿಟ್ಟೆಯೋ, ಅಲ್ಲೇ ಇದ್ಬಿಡು!"

ಅಪ್ಪ ಅಮ್ಮ ಹೋದ ಮೇಲೆ ನನಗೆ ತವರು ಅಂತ ಉಳಿದಿರುವುದು ಬಶೀರನೊಬ್ಬನೇ. ಶುಕ್ರವಾರ ಎಲ್ಲರೂ ಒಟ್ಟಿಗೆ ಉಣ್ಣುವ ಗೋಧಿರವೆಯ ಕುಸ್ಕುಸ್ ತಟ್ಟೆಯ ಸುತ್ತ ಅವನ ಜಾಗ ಖಾಲಿ ಉಳಿಯಿತು.

ಅನುಮಾನ ಅನ್ನುವುದು ಅಂಟುಜಾಡ್ಯ, ನನಗೂ ಹತ್ತಿತು. ಬಿತ್ತನೆಯ ಕಾಲದಲ್ಲಿ ಒಂದು ಬೆಳಿಗ್ಗೆ ಮೋಡ ಕಟ್ಟಿತ್ತು. ಬಶೀರ ಚೀಲ ನೇತುಹಾಕಿಕೊಂಡು ಕೂಳೆಯ ಮೇಲೆ ಏನನ್ನೋ ಎರಚುತ್ತಿದ್ದ. ನನ್ನನ್ನು ಕಂಡು ಮುಖ ತಿರುಗಿಸಿದ. ಲಾಝ್ಹರ್ ಹೇಳಿದ್ದೇ ನಿಜವೇನೋ ಅನ್ನಿಸಿತು. ಗಂಡನ ಹತ್ತಿರ ಬಾಯಿ ಬಿಡಲಿಲ್ಲ, ಬಿಟ್ಟಿದ್ದರೆ ಅವತ್ತೇ ಬಡಿದಾಟ ಆಗುತ್ತಿತ್ತು.

ಮಧ್ಯಾಹ್ನ ಮಳೆ ಹೊಡೆಯಿತು. ಲಾಝ್ಹರ್ ಕಳ್ಳನನ್ನು ಹಿಡಿಯಲು ಹೊರಟವನಂತೆ ಎರಡು ಬಾಟಲಿ ತೆಗೆದುಕೊಂಡು ಓಡಿದ. ನಾನೂ ಹಿಂದೆಯೇ ಓಡಿದೆ. ನಮ್ಮ ನೆಟ್ಟನೆಯ ಸಾಲುಗಳೆಲ್ಲ ಕಾಲುವೆಗಳಾಗಿದ್ದವು. ಕೆಂಪು ನೀರು ಮಣ್ಣು ಹೊತ್ತುಕೊಂಡು ದಡದಡ ಕೆರೆಗೆ ಇಳಿಯುತ್ತಿತ್ತು. ಬಶೀರನ ಹೊಲದಿಂದ ಬರುತ್ತಿದ್ದದ್ದು ಸ್ವಲ್ಪ ನೀರು, ಅದೂ ತಿಳಿಯಾಗಿತ್ತು.

"ನೋಡು, ಯಾರ ನೀರು ತಿಳಿಯಾಗಿದೆ ಅಂತ," ಎಂದೆ.

"ಅಷ್ಟು ತಿಳಿಯಾಗಿದೆ ಅಂದ್ರೆ ಒಳಗೆ ಏನೋ ಬಚ್ಚಿಟ್ಕೊಂಡಿದೆ ಅಂತಲೇ ಅರ್ಥ."

ತಿಳಿನೀರನ್ನೂ ನಂಬದ ಮನುಷ್ಯನಿಗೆ ಏನು ಹೇಳುವುದು! ಎರಡು ಹೊಲದ ನೀರನ್ನೂ ಬೇರೆ ಬೇರೆ ತುಂಬಿಸಿಕೊಂಡ. ಬಶೀರನ ಬಾಟಲಿಗೆ ಕೆಂಪು ದಾರ ಕಟ್ಟಿದ. ಎರಡಕ್ಕೂ ಒಂದೊಂದು ಚಮಚ ಕೆರೆಯ ನೀರು ಬೆರೆಸಿ ಬಿಸಿಲು ಬೀಳುವ ಕಿಟಕಿಯಲ್ಲಿಟ್ಟ. ಗೊಬ್ಬರ ಇರುವ ಕಡೆ ಪಾಚಿ ತಾನಾಗಿ ಬೆಳೆದು ಕಳ್ಳನನ್ನು ತೋರಿಸುತ್ತದೆ ಎಂದ. ನಾನು ಒಲೆಯ ಮುಂದಿನಿಂದ ಎದ್ದೆದ್ದು ಹೋಗಿ ನೋಡುತ್ತಿದ್ದೆ. ದಾರದ ಬಾಟಲಿ ಹಸಿರಾದರೆ ನನ್ನ ತವರು ಮುಗಿದಂತೆ.

ಮೊದಲು ನಮ್ಮ ಬಾಟಲಿಯ ಕೆಸರು ತಳಕ್ಕಿಳಿಯಿತು. ಆಮೇಲೆ ನಮ್ಮ ನೀರೇ ಹಸಿರಾಯಿತು, ದಿನದಿಂದ ದಿನಕ್ಕೆ ಗಾಢವಾಯಿತು. ಕೊನೆಗೆ ದಾರದ್ದಕ್ಕೂ ತೆಳುವಾಗಿ ಹಸಿರು ಹತ್ತಿತು.

"ಸಿಕ್ಕಿಬಿದ್ದ ನಿನ್ನ ತಮ್ಮ!" ಎಂದು ಕುಣಿದ ಲಾಝ್ಹರ್.

"ಕಣ್ಣು ಬಿಟ್ಟು ನೋಡು. ಅವನದು ತೆಳು. ನಿನ್ನದು ಥೇಟ್ ಕೆರೆ!"

"ನೀನು ದಾರ ಬದಲಾಯಿಸಿದ್ದೀಯ."

ನನಗೆ ರೇಗಿಹೋಯಿತು. "ಇಷ್ಟು ವರ್ಷ ನಿನಗೆ ಬೇಯಿಸಿ ಹಾಕಿದವಳು ನಾನು. ನನ್ನ ಮೇಲೇನಾ? ಮುಂದಿನ ಮಳೆಗೆ ನೀನೇ ತುಂಬು, ನೀನೇ ಕಾವಲು ಕೂತ್ಕೋ. ಆಗಲೂ ಹೀಗೇ ಬಂದ್ರೆ ಬಶೀರನ ಬಾಗಿಲಿಗೆ ನೀನೇ ಹೋಗ್ಬೇಕು. ಹೋಗಲ್ಲ ಅಂದ್ರೆ ನಾನು ಹೋಗ್ತೀನಿ, ವಾಪಸ್ ಬರಲ್ಲ, ಅಲ್ಲಾನಾಣೆ!"

ಮುಂದಿನ ಮಳೆಗೆ ಅವನೇ ತುಂಬಿದ. ಬಾಟಲಿಗಳನ್ನು ಮಾಳಿಗೆಯ ಬಿಸಿಲಿಗಿಟ್ಟು ಪಕ್ಕದಲ್ಲೇ ಠಿಕಾಣಿ ಹೂಡಿದ. ರೊಟ್ಟಿಯೂ ಆಲಿವ್ ಎಣ್ಣೆಯೂ ಅಲ್ಲಿಗೇ ಹೋಗಬೇಕು, ಆದರೆ ನಾನು ಏಣಿ ಹತ್ತುವ ಹಾಗಿಲ್ಲ. ಒಂದು ಬೆಳಿಗ್ಗೆ ತಾನೇ ಇಳಿದು ಬಂದ. ಎರಡೂ ಬಾಟಲಿ ನನ್ನ ಮುಂದಿಟ್ಟ. ದಾರದ್ದು ಮತ್ತೆ ತೆಳುಹಸಿರು. ನಮ್ಮದರೊಳಗಿಂದ ಆಚೆಯ ಗೋಡೆಯೇ ಕಾಣುತ್ತಿರಲಿಲ್ಲ.

"ಆ ಕುರಿ ಸತ್ತಿದ್ದು ನನ್ನಿಂದಲೇ ಕಣೇ," ಎಂದ. ಅವನು ತನ್ನ ಮೇಲೆ ತಾನು ತಪ್ಪು ಹೊರಿಸಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.

ಇಬ್ಬರೂ ಬಶೀರನ ಮನೆಗೆ ಹೋದೆವು. ಕ್ಷಮೆ ಕೇಳುತ್ತಾನೆ ಎಂದುಕೊಂಡಿದ್ದೆ. ಎಲ್ಲಿಯ ಕ್ಷಮೆ!

"ನಿನ್ನ ನೀರಲ್ಲೂ ಗೊಬ್ಬರ ಕರಗಿದೆ ಕಣೋ. ಎಲ್ಲಿಂದ ಬಂತು?"

"ಯಂತ್ರದ ಗೊಬ್ಬರದ ಪೆಟ್ಟಿಗೆ ಮುರಿದಿತ್ತು ಭಾವ. ಕೈಯಲ್ಲೇ ಕೂಳೆ ಮೇಲೆ ಎರಚಿದೆ, ಅಷ್ಟರಲ್ಲಿ ಮಳೆ ಬಂತು. ಅಕ್ಕ ನೋಡಿದ್ಲಲ್ಲ, ಹೇಳ್ಲಿಲ್ವಾ?"

ಲಾಝ್ಹರ್ ನನ್ನತ್ತ ತಿರುಗಿದ. ಇನ್ನು ನನ್ನ ಕತೆ ಮುಗಿಯಿತು ಎಂದುಕೊಂಡೆ. ಆದರೆ ಅವನು ಮತ್ತೆ ಬಶೀರನ ಕಡೆಗೇ ಮುಖ ಮಾಡಿದ.

"ಪೆಟ್ಟಿಗೆ ನಾನು ರಿಪೇರಿ ಮಾಡ್ತೀನಿ. ಗೊಬ್ಬರ ಬೀಜದ ಜೊತೆ ಮಣ್ಣೊಳಗೇ ಬೀಳಲಿ. ನಾನು ಇನ್ಮೇಲೆ ಗುಡ್ಡಕ್ಕೆ ಅಡ್ಡಲಾಗಿ ಸಾಲು ಹೊಡೀತೀನಿ, ನೀರು ನಿಂತು ನಿಂತು ಇಳೀಲಿ."

"ರಸ್ತೆಯವರಿಗೆ ಸೊಟ್ಟ ಕಾಣತ್ತೆ ಭಾವ," ಎಂದು ಬಶೀರ ತುಂಟತನದಿಂದ ನಕ್ಕ.

"ಕಾಣ್ಲಿ ಬಿಡು. ಕುರಿ ಕುಡಿಯೋದು ನೀರನ್ನ, ಸಾಲನ್ನಲ್ಲ."

ಬಶೀರ ಚಹಾ ತಂದ. ಭಾವನ ಮುಂದೆ ಲೋಟ ಇಡುವ ಮೊದಲು, ಹಳೆಯ ರೂಢಿಯಂತೆ, ತಾನೇ ಒಂದು ಗುಟುಕು ಕುಡಿದು ತೋರಿಸಲು ಅದನ್ನು ತುಟಿಗೆ ಎತ್ತಿದ. ಲಾಝ್ಹರ್ ಅವನ ಕೈ ಹಿಡಿದು ಲೋಟ ಕಿತ್ತುಕೊಂಡ. ಮೂಸಲಿಲ್ಲ. ಹಬೆಯಾಡುತ್ತಿದ್ದ ಚಹಾವನ್ನು ಒಂದೇ ಏಟಿಗೆ ಕುಡಿದ. ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂತು.

"ಸಕ್ಕರೆ ಕಡಿಮೆ," ಎಂದು ಲೋಟವನ್ನು ಮತ್ತೆ ಮುಂದೆ ಚಾಚಿದ.