ಸುಣ್ಣದ ಬಿಲ್ಲೆ ಇಟ್ಟ ಪುಟ
ದರ್ಜಿಯಪ್ಪನಿಗೆ ಈಗ ಗಿರಾಕಿಗಳ ಸೊಂಟದ ಅಳತೆಗಿಂತ ಮಗಳ ಅಂಕಗಳ ಅಳತೆಯದೇ ಚಿಂತೆ. ಮಗಳು ಸೇರಿರುವುದು ಮಕ್ಕಳನ್ನು ದೊಡ್ಡ ಕಾಲೇಜುಗಳಿಗೆ ತಯಾರು ಮಾಡುವ ಶಾಲೆ; ವಾರಕ್ಕೊಂದು ಪರೀಕ್ಷೆ, ಮೂರು ಸಲ ಎಡವಿದರೆ ಹೆಸರೇ ಕಿತ್ತುಹಾಕುತ್ತಾರೆ. ಅವಳು ಕೆಮ್ಮಿದರೆ ಇವನು ಬಿಸಿನೀರು ಹಿಡಿದು ನಿಲ್ಲುತ್ತಾನೆ, ಕೆಮ್ಮದಿದ್ದರೆ ಯಾಕಿಷ್ಟು ಸುಮ್ಮನಿದ್ದಾಳೆಂದು ಇಣುಕುತ್ತಾನೆ. ಮಿಷನ್ನಿನ ಸದ್ದು ಅವಳಿಗೆ ಕೇಳೀತೆಂದು ಪ್ಯಾಂಟಿನ ಅಂಚುಗಳನ್ನೆಲ್ಲ ಕೈಯಲ್ಲೇ ಹೊಲಿಯುತ್ತಾನೆ. "ನನ್ನ ಪ್ಯಾಂಟು ಯಾವಾಗ್ರೀ?" ಎಂದು ಯಾರಾದರೂ ಕೇಳಿದರೆ, "ಸ್ವಲ್ಪ ತಡ್ಕೊಳ್ಳಿ ಸಾರ್, ಶುಕ್ರವಾರ ನಮಗೆ ಫಿಸಿಕ್ಸ್ ಇದೆ!" ಎನ್ನುತ್ತಾನೆ. ಅವಳೇನಾದರೂ ಕೇಳಿದರೆ ತಾನು ಬೆಬ್ಬೆಬ್ಬೆ ಎನ್ನಬಾರದಲ್ಲ, ಅದಕ್ಕೆ ಅವಳ ಪಾಠದ ಪುಸ್ತಕದ ಇನ್ನೊಂದು ಪ್ರತಿ ತಂದು, ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟು ತಾನೂ ಓದುತ್ತಾನೆ. ಓದು ನಿಂತ ಪುಟದಲ್ಲಿ ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆ ಇಡುತ್ತಾನೆ. ಸೋಜಿಗವೆಂದರೆ, ಸಂಜೆ ಮಗಳು ಬಂದು, "ಅಪ್ಪಾ, ಇದೊಂದು ಲೆಕ್ಕ ತಲೆಗೇ ಹೋಗ್ತಿಲ್ಲ, ಹೇಳ್ಕೊಡು," ಎನ್ನುವ ಲೆಕ್ಕ ಸದಾ ಆ ಬಿಲ್ಲೆ ಇಟ್ಟ ಪುಟದ್ದೇ. ಹೇಳಿಕೊಡುವ ಆ ಅರ್ಧ ಗಂಟೆ ಮಾತ್ರ ಅವನು ಚಿಂತೆಯನ್ನೆಲ್ಲ ಮರೆಯುತ್ತಾನೆ. ಮೊನ್ನೆ ಅವಳ ನೋಟ್‌ಬುಕ್ಕಿಗೆ ರಟ್ಟು ಹಾಕುವಾಗ ಕಣ್ಣಿಗೆ ಬಿತ್ತು: ಆ ಲೆಕ್ಕಗಳನ್ನೆಲ್ಲ ಅವಳು ಎರಡು ತಿಂಗಳ ಹಿಂದೆಯೇ ಮಾಡಿ, ಮೇಷ್ಟರಿಂದ ಸರಿ ಎನಿಸಿಕೊಂಡಿದ್ದಳು. ದರ್ಜಿಯಪ್ಪ ರಟ್ಟು ಹಾಕಿ ಮುಗಿಸಿದ. ನೋಟ್‌ಬುಕ್ಕನ್ನು ಮೊದಲಿದ್ದ ಜಾಗದಲ್ಲೇ ಇಟ್ಟ. ಈಗ ದಿನಕ್ಕೆ ಒಂದೇ ಪುಟ ಓದುತ್ತಾನೆ. ಪುಸ್ತಕ ಮುಗಿದರೆ ಸಂಜೆ ಅವಳು ಬರುವುದೂ ಮುಗಿದೀತು ಎಂಬುದು ಅವನ ಹೊಸ ಚಿಂತೆ.