ಆಶಾರಾಣಿ ಹೆಸರಿನ ಮೀಟಿಂಗುಗಳು

ಆಫೀಸಿನ ಹೆಸರು ಹೇಳಲ್ಲ. ಹೊಳೆನರಸೀಪುರದಲ್ಲಿದೆ, ಮೂರು ಫ್ಯಾನಿನಲ್ಲಿ ಒಂದು ತಿರುಗುತ್ತೆ, ಅಷ್ಟು ತಿಳ್ಕೊಂಡರೆ ಸಾಕು. ನನಗೆ ರಿಟೈರ್ ಆಗೋಕೆ ಇನ್ನು ಹದಿನಾಲ್ಕು ತಿಂಗಳಿದೆ, ಪಿಂಚಣಿ ಕಾಗದದ ಮೇಲೆ ಸಾಹೇಬರ ಸಹಿ ಬೀಳಬೇಕು. ಹಾಗಾಗಿ ನಾನು ಭಾರಿ ಧೈರ್ಯಸ್ಥ ಅಂತ ಯಾರೂ ತಿಳ್ಕೋಬೇಡಿ. ನನ್ನ ಹೆಸರು ರಂಗಸ್ವಾಮಿ, ಮೂವತ್ತೊಂದು ವರ್ಷದಿಂದ ಗುಮಾಸ್ತ. ಈಗ ಹೇಳೋಕೆ ಹೊರಟಿರೋದು ನನ್ನ ಪಕ್ಕದ ಮೇಜಿನ ಆಶಾರಾಣಿ ವಿಷಯ.

ಆಶಾರಾಣಿಗೆ ನಲವತ್ತೊಂದು ವರ್ಷ. ಹಾಸನದ ಹತ್ತಿರ ಸಾಲಗಾಮೆಯವಳು, ದಿನಾ ಎರಡು ಬಸ್ ಹತ್ತಿಳಿದು ಬರ್ತಾಳೆ. ಕಂಪ್ಯೂಟರ್ ಆಪರೇಟರ್, ಅದೂ ಗುತ್ತಿಗೆ ಮೇಲೆ. ಪ್ರತಿ ಮಾರ್ಚಿನಲ್ಲಿ ಸಾಹೇಬರು ‘ಇವರ ಸೇವೆ ಅಗತ್ಯವಿದೆ’ ಅಂತ ಒಂದು ಸಾಲು ಬರೆದು ಸಹಿ ಹಾಕಿದರೆ ಇನ್ನೊಂದು ವರ್ಷ, ಹಾಕದಿದ್ದರೆ ಮನೆ. ಗಾರೆ ಕೆಲಸ ಮಾಡ್ತಿದ್ದ ಗಂಡ ಸೊಂಟ ಮುರ್ಕೊಂಡು ಕೂತಿದ್ದಾನೆ. ಮಗಳು ಶೋಭಿತಾ ಹಾಸನದಲ್ಲಿ ನರ್ಸಿಂಗ್ ಓದ್ತಾಳೆ. ಆ ಮನೆ ನಡೆಯೋದೇ ಆ ಒಂದು ಸಾಲಿನ ಮೇಲೆ.

ಇಷ್ಟಿದ್ದೂ ಹೆಂಗಸು ಯಾರಿಗೂ ಬಗ್ಗಿದವಳಲ್ಲ. ಪ್ರಿಂಟರ್ ಕೈಕೊಟ್ಟರೆ ಮೊದಲು ಬೈತಾಳೆ, ಆಮೇಲೆ ಬಿಚ್ಚಿ ನೋಡ್ತಾಳೆ. ನಮ್ಮ ಜೊತೆಗೂ ಅದೇ ಕ್ರಮ. ಆದರೆ ಊಟದ ಡಬ್ಬಿ ತೆಗೆದರೆ ಮೊದಲ ತುತ್ತಿಗೆ ಮುಂಚೆ ನನ್ನ ಮುಚ್ಚಳಕ್ಕೆ ಒಂದು ಚಮಚ ಹುರುಳಿಕಾಳು ಪಲ್ಯ ಬೀಳ್ತಿತ್ತು. ‘ತಿನ್ನಿ ಅಣ್ಣ, ನಿಮ್ಮ ಮುಖ ನೋಡಿದ್ರೆ ಹಸಿದೋರ ಥರ ಐತೆ’ ಅನ್ನೋಳು.

ಎರಡು ವರ್ಷದ ಹಿಂದೆ ಹಾಸನದಿಂದ ಒಂದು ಆರ್ಡರ್ ಬಂತು. ಸಾಹೇಬರ ಭೇಟಿ, ಸಭೆ, ಸ್ಥಳ ತನಿಖೆ ಎಲ್ಲವನ್ನೂ ಇನ್ನು ಮೊಬೈಲ್ ಕ್ಯಾಲೆಂಡರಿನಲ್ಲಿ ಹಾಕಬೇಕು, ಅದು ಆಫೀಸಿನ ಎಲ್ಲರಿಗೂ ಕಾಣಬೇಕು, ಹಾಸನಕ್ಕೂ ಕಾಣಬೇಕು. ಅದಕ್ಕೆ ಇಮೇಲ್ ಬೇಕು, ಪಾಸ್‌ವರ್ಡ್ ಬೇಕು. ನಮ್ಮಲ್ಲಿ ಒಬ್ಬರಿಗೂ ಅವರವರ ಪಾಸ್‌ವರ್ಡ್ ನೆನಪಿಲ್ಲ. ಕೇಸ್ ವರ್ಕರ್ ನಟರಾಜುದು ಅವನ ಬಾಮೈದನ ಹತ್ತಿರ ಇತ್ತಂತೆ, ಬಾಮೈದನ ಜೊತೆ ಮಾತು ಬಿಟ್ಟು ನಾಲ್ಕು ವರ್ಷ ಆಗಿತ್ತಂತೆ. ಕೊನೆಗೆ ಆಶಾರಾಣಿ ರೇಗಿ, ತನ್ನ ಇಮೇಲನ್ನೇ ಎಲ್ಲರ ಫೋನಿಗೂ ಹಾಕಿಕೊಟ್ಟಳು. ಅಲ್ಲಿಂದಾಚೆಗೆ ಯಾರು ಏನು ಬರೆದರೂ ಕೆಳಗೆ ಸಣ್ಣ ಅಕ್ಷರದಲ್ಲಿ ‘ಹಾಕಿದವರು: ಆಶಾರಾಣಿ’ ಅಂತ ಬರೋದು.

ನಮಗೆ ಹಬ್ಬ. ನಟರಾಜು ಮಗಳ ಸ್ಕೂಲ್ ಡೇಗೆ ಹೋಗುವಾಗ ‘ಸ್ಥಳ ತನಿಖೆ, ಚನ್ನರಾಯಪಟ್ಟಣ’ ಅಂತ ಹಾಕೋನು. ನಾನು ಹಲ್ಲು ಕೀಳಿಸೋಕೆ ಹೋದ ದಿನ ‘ಹಳೇ ದಾಖಲೆ ವಿಲೇವಾರಿ’ ಅಂತ ಹಾಕಿದ್ದೆ. ಐವತ್ತೆಂಟು ವರ್ಷದ ಹಲ್ಲು, ಹಳೇ ದಾಖಲೆ ಅಲ್ಲದೆ ಇನ್ನೇನು?

ಹೋದ ವರ್ಷ ಮೋಹನ್‌ಕುಮಾರ್ ಸಾಹೇಬರು ವರ್ಗವಾಗಿ ಬಂದರು. ಬಂದ ದಿನವೇ ಆಶಾರಾಣಿ ಅವರ ಫೋನಿಗೂ ತನ್ನ ಇಮೇಲನ್ನೇ ಹಾಕಿಕೊಟ್ಟಳು. ಮೂಢನಂಬಿಕೆ ಅಂದರೆ ಸಾಕು, ಕೆಂಡ ಕಾರೋರು. ಯಾವ ಸ್ಕೂಲಿನವರು ಕರೆದರೂ ಹೋಗಿ ಮುಕ್ಕಾಲು ಗಂಟೆ ವೈಜ್ಞಾನಿಕ ಮನೋಭಾವದ ಮೇಲೆ ಕೊರೆಯೋರು. ಗ್ರಹಣದ ದಿನ ಆಫೀಸಿನ ಮೆಟ್ಟಿಲ ಮೇಲೆ ನಿಂತು, ಪೇಪರಿನವರ ಮುಂದೆ ಎರಡು ಬಾಳೆಹಣ್ಣು ತಿಂದರು. ಮೂರನೇದನ್ನ ನನ್ನ ಕೈಗೆ ಕೊಟ್ಟರು. ನಾನು ಜೇಬಿನಲ್ಲಿಟ್ಟುಕೊಂಡು ಗ್ರಹಣ ಬಿಟ್ಟ ಮೇಲೆ ತಿಂದೆ.

ಅವರು ಬಂದ ಕೆಲವೇ ತಿಂಗಳಿಗೆ ಕ್ಯಾಲೆಂಡರಿನಲ್ಲಿ ‘ಜಿಲ್ಲಾ ವಿಡಿಯೋ ಕಾನ್ಫರೆನ್ಸ್’ ಅನ್ನೋದು ಶುರುವಾಯ್ತು. ಪ್ರತಿ ಸಲವೂ ಸರಿಯಾಗಿ ಒಂದೂವರೆ ಗಂಟೆ. ಮಂಗಳವಾರ ಮೂರಕ್ಕೆ, ಬುಧವಾರ ಹನ್ನೆರಡಕ್ಕೆ, ಗುರುವಾರ ಒಂದೂವರೆಗೆ, ಶುಕ್ರವಾರ ಹತ್ತೂವರೆಗೆ. ಸೋಮವಾರ, ಶನಿವಾರ ಮಾತ್ರ ಆಫೀಸ್ ಹೊತ್ತಿನಲ್ಲಿ ಒಂದೂ ಇಲ್ಲ. ನಿಮಗೆ ಈಗಲೇ ಹೊಳೆದಿರುತ್ತೆ. ನಮಗೂ ಹೊಳೀತು. ನಮ್ಮ ಕಡೆ ಮಗ್ಗಿ ಬರದಿರೋರಿಗೂ ರಾಹುಕಾಲ ಬಾಯಿಪಾಠ. ಬೈಕಿಗೆ ವಾರಕ್ಕೊಂದು ನಿಂಬೆಹಣ್ಣು ಕಟ್ಟೋ ನಟರಾಜುನೇ ಇದನ್ನ ಹಾಕ್ತಿದ್ದಾನೆ ಅಂತ ಆಫೀಸಿನವರೆಲ್ಲ ಮುಸಿಮುಸಿ ನಕ್ಕರು.

ನಾನು ನಗಲಿಲ್ಲ, ಯಾಕೆಂದರೆ ನಾನು ಕಣ್ಣಾರೆ ನೋಡಿದ್ದೆ. ಮೊದಲನೇ ವಾರವೇ, ಬುಧವಾರ ಹನ್ನೆರಡೂಕಾಲಿಗೆ, ಅರ್ಜೆಂಟ್ ಫೈಲು ಹಿಡ್ಕೊಂಡು ಸಾಹೇಬರ ಕೋಣೆಗೆ ನುಗ್ಗಿದೆ. ಕಂಪ್ಯೂಟರ್ ಆಫ್ ಆಗಿತ್ತು. ಸಾಹೇಬರು ಕೈಕಟ್ಟಿಕೊಂಡು ಗೋಡೆ ಗಡಿಯಾರ ನೋಡ್ತಾ ಕೂತಿದ್ದರು. ಮುಂದೆ ಮೊಬೈಲಿನಲ್ಲಿ ಆ ಕ್ಯಾಲೆಂಡರ್ ತೆರೆದಿತ್ತು, ಮಾರನೇ ದಿನದ ಕಾನ್ಫರೆನ್ಸ್ ಅರ್ಧ ಟೈಪ್ ಆಗಿತ್ತು. ‘ಕಾನ್ಫರೆನ್ಸ್ ನಡೀತಿದೆ ರಂಗಸ್ವಾಮಿಯವರೇ’ ಅಂದರು. ‘ಹೌದು ಸಾರ್’ ಅಂದು ಬಾಗಿಲು ಎಳ್ಕೊಂಡು ಬಂದುಬಿಟ್ಟೆ. ಹೆಂಡತಿಗೂ ಹೇಳಲಿಲ್ಲ.

ಏನೂ ತಿಳಿಯದವಳು ಆಶಾರಾಣಿ ಒಬ್ಬಳೇ. ಅವಳ ಮದುವೆ ಆಗಿದ್ದು ಬುದ್ಧನ ಫೋಟೋ ಮುಂದೆ, ಭಾನುವಾರ ಸಂಜೆ ಐದಕ್ಕೆ. ಅವರ ಮನೇಲಿ ರಾಹುಕಾಲ ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಅಂತ ಕೇಳೋರೇ ಇಲ್ಲ. ‘ಎಷ್ಟು ಮೀಟಿಂಗ್ ಮಾಡ್ತಾರಣ್ಣ ಈ ಹಾಸನದೋರು, ಕೆಲ್ಸ ಇಲ್ವಾ ಅವ್ರಿಗೆ’ ಅಂತ ಅವಳು ಗೊಣಗೋಳು ಅಷ್ಟೆ.

ಎಡವಟ್ಟಾಗಿದ್ದು ಲಕ್ಕಮ್ಮನಿಂದ. ಅರಕಲಗೂಡು ಕಡೆಯ ಅಜ್ಜಿ, ಎಪ್ಪತ್ತರ ಮೇಲೆ ವಯಸ್ಸು. ಗಂಡ ಸತ್ತ ಮೇಲೆ ತೋಟ ತನ್ನ ಹೆಸರಿಗೆ ಆಗಬೇಕು ಅಂತ ಬಂದಿದ್ದವಳು. ಮಂಗಳವಾರ ಮಧ್ಯಾಹ್ನ ಬಂದಳು, ಮೀಟಿಂಗ್ ಅಂದೆವು. ಮುಂದಿನ ಬುಧವಾರ ಬಂದಳು, ಮೀಟಿಂಗ್. ಅದರ ಮುಂದಿನ ಶುಕ್ರವಾರ ಬೆಳಗ್ಗೆಯೇ ಬಂದಳು, ಆಗಲೂ ಮೀಟಿಂಗ್. ನಾಲ್ಕನೇ ಸಲ ನಮ್ಮಲ್ಲಿಗೆ ಬರಲಿಲ್ಲ. ನೆಟ್ಟಗೆ ಹಾಸನಕ್ಕೆ ಹೋಗಿ, ದೊಡ್ಡ ಸಾಹೇಬರಾದ ಹರ್ಷವರ್ಧನ್ ಅವರ ಕೋಣೆ ಮುಂದೆ ಎಲೆ ಅಡಿಕೆ ಹಾಕ್ಕೊಂಡು ಕೂತುಬಿಟ್ಟಳು. ‘ಮೀಟಿಂಗ್ ಮುಗಿಯಗಂಟ ಕೂತಿರ್ತೀನಿ ಕಣಪ್ಪ, ನಂಗೇನೂ ಅವಸರ ಇಲ್ಲ’ ಅಂದಳಂತೆ.

ಹರ್ಷವರ್ಧನ್‌ಗೆ ಮೂವತ್ತೆರಡು ವರ್ಷ ಇರಬಹುದು, ಚುರುಕು. ನಮ್ಮ ಕ್ಯಾಲೆಂಡರ್ ತೆಗೆದು ನೋಡಿದರು. ನಾಲ್ಕು ತಿಂಗಳಲ್ಲಿ ಅರವತ್ತಕ್ಕೂ ಮೀರಿ ಕಾನ್ಫರೆನ್ಸು, ಅದರಲ್ಲಿ ಒಂದನ್ನೂ ಹಾಸನ ಕರೆದಿಲ್ಲ. ಎಲ್ಲದರ ಕೆಳಗೂ ‘ಹಾಕಿದವರು: ಆಶಾರಾಣಿ’.

ಗುರುವಾರ ಹನ್ನೊಂದಕ್ಕೆ ಹಾಸನದಿಂದ ಫೋನು. ಹನ್ನೆರಡಕ್ಕೆಲ್ಲ ಮೋಹನ್‌ಕುಮಾರ್ ಸಾಹೇಬರು ಅವಳ ಕೈಗೆ ನೋಟೀಸು ಇಟ್ಟರು. ಮೇಲಧಿಕಾರಿಯ ಗಮನಕ್ಕೆ ತಾರದೆ ಸುಳ್ಳು ಸಭೆಗಳನ್ನು ಸೃಷ್ಟಿಸಿ ಸಾರ್ವಜನಿಕರಿಗೆ ತೊಂದರೆ ಕೊಟ್ಟಿದ್ದೀರಿ, ಸಮಜಾಯಿಷಿ ಕೊಡಿ, ಇಲ್ಲದಿದ್ದರೆ ಗುತ್ತಿಗೆ ನವೀಕರಣಕ್ಕೆ ಶಿಫಾರಸು ಮಾಡುವುದಿಲ್ಲ. ಆಗ ಮಾರ್ಚ್ ಮೂರನೇ ವಾರ. ಆ ಮನುಷ್ಯನ ಮುಖದಲ್ಲಿ ಒಂದು ಗೆರೆ ಅಲುಗಬೇಕಲ್ಲ, ಊಹೂಂ!

ಅವಳು ಎಲ್ಲರ ಮೇಜಿಗೂ ಹೋದಳು. ‘ಯಾರ್ರೀ ಆಕಿದ್ದು? ನನ್ ಹೆಸ್ರಲ್ಲಿ ಯಾರ್ರೀ ಆಕಿದ್ದು?’ ಎಲ್ಲರೂ ನಾನಲ್ಲ, ನಾನಲ್ಲ. ನಟರಾಜು ನಿಂಬೆಹಣ್ಣಿನ ಮೇಲೆ ಆಣೆ ಮಾಡಿದ. ಕೊನೆಗೆ ನನ್ನ ಹತ್ತಿರ ಬಂದು ಮೆತ್ತಗೆ ಕೇಳಿದಳು. ‘ರಂಗಸ್ವಾಮಣ್ಣ, ನಿಮ್ಗೇನಾದ್ರೂ ಗೊತ್ತಾ?’

‘ನಂಗೇನು ಗೊತ್ತಮ್ಮ’ ಅಂದೆ. ಥೂ, ಈಗಲೂ ಆ ಮಾತು ನೆನೆದರೆ ನನ್ನ ಮೇಲೆ ನನಗೇ ಅಸಹ್ಯ ಆಗುತ್ತೆ.

ಅವಳು ಅಳ್ತಾ ಕೂರಲಿಲ್ಲ. ಅವತ್ತೇ ಸಂಜೆ ಪಾಸ್‌ವರ್ಡ್ ಬದಲಾಯಿಸಿದಳು. ಶುಕ್ರವಾರ ಬೆಳಗ್ಗೆ ಎಲ್ಲರ ಫೋನಿನಲ್ಲೂ ಕ್ಯಾಲೆಂಡರ್ ಮಾಯ. ‘ಏನಮ್ಮ ಇದು’ ಅಂತ ಒಬ್ಬೊಬ್ಬರೇ ಬಂದರು. ಅವಳು ಕುರ್ಚಿ ಎಳೆದು ಕೂರಿಸಿಕೊಂಡು, ಪೋಲಿಯೋ ಹನಿ ಹಾಕೋ ಹಾಗೆ ಸಾಲಾಗಿ ಎಲ್ಲರಿಗೂ ಅವರವರ ಹೆಸರಿನಲ್ಲೇ ಹೊಸ ಇಮೇಲ್ ಮಾಡಿಕೊಟ್ಟಳು. ಸಾಹೇಬರೂ ತಮ್ಮ ಫೋನ್ ತಂದುಕೊಟ್ಟರು. ‘ಬೇಗ ಮಾಡಮ್ಮ, ಹತ್ತೂವರೆಗೆ ಕಾನ್ಫರೆನ್ಸ್ ಇದೆ’ ಅಂದರು. ‘ಮಾಡ್ತೀನಿ ಸಾ’ ಅಂದಳು. ಏನು ಮಾಡಿಕೊಟ್ಟಳು ಅಂತ ಅವರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಶನಿವಾರ ಸಂಜೆ ಎಲ್ಲರ ಫೋನೂ ಟಿಂಗ್ ಅಂತು. ಮುಂದಿನ ವಾರದ ಕಾನ್ಫರೆನ್ಸುಗಳು, ಮಂಗಳವಾರ ಮೂರಕ್ಕೆ, ಬುಧವಾರ ಹನ್ನೆರಡಕ್ಕೆ, ಹಾಗೇ ಪೂರ್ತಿ. ಪ್ರತಿಯೊಂದರ ಕೆಳಗೂ ‘ಹಾಕಿದವರು: ಮೋಹನ್‌ಕುಮಾರ್’. ನಾನು ಮನೇಲಿ ಕಾಫಿ ಲೋಟ ಹಿಡ್ಕೊಂಡು ನೋಡ್ತಾ ನಿಂತೆ. ಆ ಪುಣ್ಯಾತ್ಮನಿಗೆ ಕೆಳಗಿನ ಸಣ್ಣ ಅಕ್ಷರ ಓದೋ ಅಭ್ಯಾಸವೇ ಇರಲಿಲ್ಲ, ಈಗಲೂ ಎಲ್ಲ ಅವಳ ಹೆಸರಿಗೇ ಬೀಳುತ್ತೆ ಅಂದ್ಕೊಂಡಿದ್ದರು. ಸೋಮವಾರ ಸಾಹೇಬರೊಬ್ಬರನ್ನು ಬಿಟ್ಟು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ನಟರಾಜು ಆಶಾರಾಣಿಗೆ ಗೋಡೆಯ ಪಂಚಾಂಗದ ಕ್ಯಾಲೆಂಡರ್ ತೋರಿಸಿ, ರಾಹುಕಾಲದ ಸಾಲಿನ ಮೇಲೆ ಬೆರಳಿಟ್ಟ. ಅವಳು ಮೊದಲು ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಳು. ಆಮೇಲೆ ಹಲ್ಲು ಕಡಿದಳು. ‘ಅವ್ರ ರಾಹುನ ನನ್ ತಲೆ ಮ್ಯಾಲೆ ಕೂರ್ಸವ್ರಲ್ಲ!’

ಅದೇ ಹೊತ್ತಿಗೆ ಹರ್ಷವರ್ಧನ್ ಆಫೀಸಿಗೆ ಫೋನ್ ಮಾಡಿದರು, ಎತ್ತಿದವಳು ಆಶಾರಾಣಿ. ವಿಚಾರಣೆಗೆ ಬರ್ತೀನಿ, ಯಾವಾಗ ಬರಲಿ ಅಂದರು.

‘ನಾಳೆ ಮಂಗಳವಾರ ಮೂರಕ್ಕೆ ಬನ್ನಿ ಸಾ’ ಅಂದಳು.

‘ಆ ಹೊತ್ತಿಗೆ ಜಿಲ್ಲಾ ಕಾನ್ಫರೆನ್ಸ್ ಅಂತಿದೆಯಲ್ಲಮ್ಮ?’

‘ಜಿಲ್ಲೆಯೋರು ನೀವೇ ಅಲ್ವಾ ಸಾ? ನೀವಿಲ್ಲಿಗೇ ಬಂದ್ಮೇಲೆ ಇನ್ಯಾರು ಮಾಡ್ತಾರೆ?’

ಮಂಗಳವಾರ ಮೂರಕ್ಕೆ ಸಾಹೇಬರ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಲಕ್ಕಮ್ಮನನ್ನೂ ಕರೆಸಿದ್ದರು. ‘ಈ ನಮೂದುಗಳನ್ನು ನನ್ನ ಅರಿವಿಗೆ ಬಾರದೆ ಆಪರೇಟರ್ ಮಾಡಿರುತ್ತಾರೆ’ ಅನ್ನೋ ಹೇಳಿಕೆ ಟೈಪ್ ಆಗಿ ಮೇಜಿನ ಮೇಲಿತ್ತು. ಮೋಹನ್‌ಕುಮಾರ್ ಸಾಹೇಬರು ಅದಕ್ಕೆ ಸಹಿ ಹಾಕಿದರೆ ಅವಳ ಕಥೆ ಮುಗೀತು.

ಸಾಹೇಬರು ಪೆನ್ನು ತೆಗೆದರು, ಮುಚ್ಚಳ ಹಾಕಿದರು. ನೀರು ಕುಡಿದರು. ಟೀ ತರಿಸಿದರು. ಪುಟದ ಸಂಖ್ಯೆ ಸರಿ ಇಲ್ಲ ಅಂದರು. ಒಂದ್ಸಲ ಬಾತ್‌ರೂಮಿಗೆ ಹೋಗಿ ಬಂದರು. ಮೂರೂವರೆ ಆಯ್ತು. ‘ಸಹಿ ಮಾಡಿ ಮೋಹನ್‌ಕುಮಾರ್’ ಅಂದರು ಹರ್ಷವರ್ಧನ್. ‘ನಾಲ್ಕೂವರೆಗೆ ಮಾಡ್ತೀನಿ ಸಾರ್, ಒಂಚೂರು ಓದಬೇಕು’ ಅಂದರು ಇವರು.

ಮೂಲೇಲಿ ಕೂತಿದ್ದ ಲಕ್ಕಮ್ಮ ಬಾಯಿ ಬಿಟ್ಟಳು. ‘ರಾವುಕಾಲ ಅಲ್ವಾ ಬುದ್ದಿ, ಮುಗೀಲಿ ಬುಡಿ ಪಾಪ. ನಾನೂವೆ ಒಳ್ಳೆ ಕೆಲ್ಸ ರಾವುಕಾಲ್ದಲ್ಲಿ ಮಾಡಾಕಿಲ್ಲ. ಆದ್ರೆ ರಾವುಕಾಲ ತಪ್ಪಿಸ್ಕಂಡು ಬರೋ ಬಸ್ಸು ನಮ್ಮೂರಿಗೆ ಎಲ್ಲೈತೆ?’

ಹರ್ಷವರ್ಧನ್ ಗೋಡೆ ಕ್ಯಾಲೆಂಡರ್ ನೋಡಿದರು, ಕೈಯಲ್ಲಿದ್ದ ಫೋನ್ ನೋಡಿದರು. ‘ಈ ವಾರದ್ದು ಯಾರಮ್ಮ ಹಾಕಿದ್ದು?’ ಅಂದರು. ‘ಕೆಳಗಡೆ ಸಣ್ಣಕ್ಷರ ಓದಿ ಸಾ’ ಅಂದಳು ಆಶಾರಾಣಿ. ಓದಿದರು. ಮೋಹನ್‌ಕುಮಾರ್ ಸಾಹೇಬರ ಮುಖ ಸುಣ್ಣ ಬಳಿದ ಗೋಡೆ ಆಯ್ತು. ಆದರೂ ಆಸಾಮಿ ಬಿಡಲಿಲ್ಲ. ‘ಈ ವಾರದ್ದು ಮಾತ್ರ ನಾನು ಹಾಕಿದ್ದು ಸಾರ್, ಅವಳು ಹಾಕ್ತಿದ್ದ ಪದ್ಧತಿ ನೋಡಿ. ಹಳೇದೆಲ್ಲ ಅವಳದ್ದೇ.’

‘ಹಳೇದು ಯಾರು ಹಾಕಿದ್ದು ಅಂತ ನಿಮ್ಮಲ್ಲಿ ಯಾರಾದರೂ ನೋಡಿದ್ದೀರಾ?’ ಅಂದರು ಹರ್ಷವರ್ಧನ್.

ನಟರಾಜು ಗಡಿಯಾರ ನೋಡಿದ, ಉಳಿದವರು ನೆಲ ನೋಡಿದರು. ಆಶಾರಾಣಿ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಕೈಯಲ್ಲಿದ್ದ ನೋಟೀಸನ್ನ ನಾಲ್ಕು ಮಡಿಕೆ ಮಾಡಿ ಬಾಗಿಲ ಕಡೆ ಹೊರಟಳು. ಇಷ್ಟು ವರ್ಷದಲ್ಲಿ ಆ ಹೆಂಗಸು ಜಗಳ ಆಡದೆ ಎದ್ದು ಹೊರಟಿದ್ದು ನಾನು ನೋಡಿದ್ದು ಅವತ್ತೇ. ನನ್ನ ಬಾಯಿಂದ ಮಾತು ಹೊರಟೇಹೋಯ್ತು.

‘ನಾನು ನೋಡಿದ್ದೆ ಸಾರ್. ಬುಧವಾರ ಹನ್ನೆರಡೂಕಾಲಿಗೆ. ಸಾಹೇಬರೇ ಟೈಪ್ ಮಾಡ್ತಿದ್ದರು.’

ಆಮೇಲೆ ಹೆಚ್ಚು ಮಾತು ನಡೀಲಿಲ್ಲ. ಹರ್ಷವರ್ಧನ್ ಆ ಹೇಳಿಕೆ ಹರಿದು ಹಾಕಿದರು. ಲಕ್ಕಮ್ಮನ ಅರ್ಜಿ ತಾವೇ ತಗೊಂಡರು. ನೋಟೀಸು ವಾಪಸ್ಸಿನ ಕಾಗದವನ್ನೂ ಗುತ್ತಿಗೆ ನವೀಕರಣದ ಕಾಗದವನ್ನೂ ಅಲ್ಲೇ ಟೈಪ್ ಮಾಡಿಸಿ ಮೋಹನ್‌ಕುಮಾರ್ ಸಾಹೇಬರ ಮುಂದೆ ತಳ್ಳಿದರು. ಗಂಟೆ ನಾಲ್ಕಕ್ಕೆ ಐದು ನಿಮಿಷ. ‘ಇನ್ನರ್ಧ ಗಂಟೆ ಬಿಟ್ಟು...’ ಅಂತ ಸಾಹೇಬರು ರಾಗ ಎಳೆದರು. ‘ನನ್ ಮದ್ವೇನೇ ರಾಹುಕಾಲ್ದಲ್ಲಿ ಆಗೈತೆ ಸಾ, ಏನೂ ಆಗಕಿಲ್ಲ, ಸಹಿ ಆಕಿ’ ಅಂದಳು ಆಶಾರಾಣಿ. ಸಾಹೇಬರು ಕಣ್ಣು ಮುಚ್ಚಿಕೊಂಡು ಸಹಿ ಹಾಕಿದರು, ಇಂಜೆಕ್ಷನ್ ಚುಚ್ಚಿಸಿಕೊಳ್ಳೋರ ಹಾಗೆ.

ಎಲ್ಲರೂ ಹೋದ ಮೇಲೆ ಅವಳು ತನ್ನ ಮೇಜಿಗೆ ಬಂದು, ಆ ಕಾಗದವನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ, ಬ್ಯಾಗಿಗೆ ಇಟ್ಟುಕೊಂಡಳು. ನನಗೊಂದು ಥ್ಯಾಂಕ್ಸ್ ಹೇಳ್ತಾಳೆ ಅಂತ ನಾನು ನಾಚಿಕೆಯಿಲ್ಲದೆ ಕಾಯ್ತಾ ಕೂತಿದ್ದೆ.

‘ರಂಗಸ್ವಾಮಣ್ಣ, ಯಾವ ಬುಧವಾರ ಅದು?’ ಅಂದಳು.

‘ಮೊದಲನೇ ವಾರದ್ದಮ್ಮ. ನಾಲ್ಕು ತಿಂಗಳಾಯ್ತು.’

ಬ್ಯಾಗಿನ ಜಿಪ್ಪು ಎಳೆಯೋದು ನಿಲ್ಲಿಸಿದಳು. ‘ಅಂಗಾರೆ ಹೋದ್ ಗುರುವಾರ ನಾನು ನಿಮ್ಮನ್ನ ಕೇಳ್ದಾಗ?’

‘ಗೊತ್ತಿತ್ತು.’

‘ನನ್ ಕೆಲ್ಸ ಓಯ್ತದೆ ಅಂತ್ಲೂ ಗೊತ್ತಿತ್ತಾ ಅಣ್ಣ?’

ಅದಕ್ಕೂ ಗೊತ್ತಿತ್ತು ಅಂತಲೇ ಹೇಳಬೇಕಾಯ್ತು.